ನಾಲ್ಕು ಗಂಟೆಯೊಳಗೆ ಎರಡನೆಯ ತಂಗುಮನೆ

ಬೆಟ್ಟಸಾಲಿನ ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಲೈಸೆನ್ಸ್ ಇರುವ ಗೈಡುಗಳು ಹತ್ತೊಂಬತ್ತು ಮಂದಿ. ಅವರಲ್ಲಿ ಹೆಂಗಸು ಒಬ್ಬಳೇ. ಅವಳನ್ನು ಎಲ್ಲರೂ ನಿಧಾನಕ್ಕ ಎನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಆಮೇಲೆ ಮುಖದೆದುರೇ ಅಂದರು, ಕೊನೆಗೆ ಅವಳೇ ಫೋನೆತ್ತಿ “ನಿಧಾನಕ್ಕ ಮಾತಾಡ್ತಿರೋದು, ಹೇಳಿ” ಎನ್ನುವಲ್ಲಿಗೆ ಬಂತು.

ವಯಸ್ಸು ಐವತ್ತೆರಡು. ಸಣ್ಣ ಆಳು, ದೊಡ್ಡ ಪಾದ. ಮೊದಲು ಅವಳು ಒಂದನೆಯ ತಂಗುಮನೆಯಲ್ಲಿ ಅಡುಗೆಯವಳಾಗಿದ್ದಳು. ಆರು ವರ್ಷ ಅಲ್ಲಿ ಪಾತ್ರೆಗಳ ಜೊತೆ ಗುದ್ದಾಡಿದ ಮೇಲೆ ಒಂದು ದಿನ ಬೆಳಗ್ಗೆ ಗೈಡಿನ ಕಾಲು ಉಳುಕಿತು. ಎಂಟು ಜನ ಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದರು. ಮೇಲಿನ ತಂಗುಮನೆಗಳಿಗೆ ದಿನಸಿ ಹೊತ್ತು ದಾರಿ ಬಲ್ಲವಳು ಅವಳೊಬ್ಬಳೇ. ಹೋದಳು. ಕಾಲು ಉಳುಕಿದ ಆ ಹಳೆಯ ಗೈಡು ಹಾಸಿಗೆಯ ಮೇಲಿಂದಲೇ ಹೇಳಿಕೊಟ್ಟದ್ದು ಒಂದೇ ಮಾತು: ಏರುವಾಗ ಜನ ಮಾತಾಡುತ್ತಿರಬೇಕು, ಯಾರ ಮಾತು ನಿಂತಿತೋ ಅವರಿಗೆ ಉಸಿರು ಸಾಲುತ್ತಿಲ್ಲ ಎಂದು ತಿಳಿ, ನೀನೂ ನಿಲ್ಲು. ಅವಳು ಅದನ್ನು ಹಿಡಿದಳು. ಲೈಸೆನ್ಸಿನ ಪರೀಕ್ಷೆಯಲ್ಲಿ ನಕ್ಷೆ ಬಿಡಿಸುವ ಪ್ರಶ್ನೆಯಲ್ಲಿ ಒಮ್ಮೆ ಫೇಲಾಗಿ, ಮರುವರ್ಷ ಪಾಸಾಗಿ, ಇಪ್ಪತ್ತೊಂದು ವರ್ಷ ಜನರನ್ನು ಕರೆದೊಯ್ದಳು. ಅವಳ ತಂಡದಿಂದ ಒಬ್ಬರನ್ನೂ ಸ್ಟ್ರೆಚರಿನಲ್ಲಿ ಇಳಿಸಿದ್ದಿಲ್ಲ. ಇದನ್ನು ಅವಳು ಜಂಬಕ್ಕೆ ಹೇಳಿಕೊಂಡವಳಲ್ಲ. ಸಿಟ್ಟು ಬಂದಾಗ ಮಾತ್ರ ಹೇಳುತ್ತಿದ್ದಳು. ಈಚೆಗೆ ಎರಡು ವರ್ಷಗಳಿಂದ ಅದನ್ನು ಪದೇಪದೇ ಹೇಳಬೇಕಾಗಿ ಬಂದಿತ್ತು.

ಚಾರಣ ನಾಲ್ಕು ದಿನದ್ದು, ನಡುವೆ ಮೂರು ತಂಗುಮನೆ. ಮೊದಲ ದಿನ ಮರಗಳ ನೆರಳಲ್ಲಿ ಸುಮ್ಮನೆ ಹೋಗಬಹುದು. ಮೂರನೆಯ ದಿನ ಬೆಟ್ಟದ ಬೆನ್ನ ಮೇಲೆ ಗಾಳಿಯಲ್ಲಿ ನಡಿಗೆ, ನಾಲ್ಕನೆಯ ದಿನ ಬಸ್ಸು ನಿಲ್ಲುವ ರಸ್ತೆಗೆ ಇಳಿಜಾರು. ಕಷ್ಟವೆಲ್ಲ ಎರಡನೆಯ ದಿನದ್ದು. ಹದಿಮೂರು ಕಿಲೋಮೀಟರು, ಎರಡು ಶಿಖರಗಳ ನಡುವಿನ ತಗ್ಗಿನವರೆಗೆ ಒಂದೇ ಸಮನೆ ಏರಿ, ಆಮೇಲೆ ಕಾಲಿಟ್ಟರೆ ಜಾರುವ ಚೂರುಗಲ್ಲಿನಲ್ಲಿ ಇಳಿದು ಎರಡನೆಯ ತಂಗುಮನೆ ಸೇರಬೇಕು. ಎರಡು ವರ್ಷದ ಹಿಂದೆ ಉದ್ಯಾನದ ಕಚೇರಿ ಇದಕ್ಕೆಲ್ಲ ಸಮಯಪಟ್ಟಿ ಹೊರಡಿಸಿತು. ಎರಡನೆಯ ತಂಗುಮನೆಯ ರಿಜಿಸ್ಟರಿನಲ್ಲಿ ನಾಲ್ಕು ಗಂಟೆಯೊಳಗೆ ತಂಡದ ಹೆಸರು ಬೀಳಬೇಕು. ತಡವಾದರೆ ಗೈಡಿಗೆ ಒಂದು ಕಪ್ಪು ಗುರುತು, ಮೂರು ಗುರುತಿಗೆ ಒಂದು ನೋಟಿಸು. ತಡವಾದ ತಂಡದ ಹಾಸಿಗೆಗಳನ್ನು ಕಾಯುತ್ತಿರುವ ಬೇರೆಯವರಿಗೆ ಕೊಡುವ ಅಧಿಕಾರವೂ ತಂಗುಮನೆಯವನಿಗೆ ಬಂತು. ಉಳಿದ ಹದಿನೆಂಟು ಗೈಡುಗಳು ಗೊಣಗಿದರು, ಒಂದು ತಿಂಗಳಲ್ಲಿ ಹೊಂದಿಕೊಂಡರು. ನಿಧಾನಕ್ಕನಿಗೆ ಮಾತ್ರ ನೋಟಿಸಿನ ಮೇಲೆ ನೋಟಿಸು ಬಂತು.

ಆ ನೋಟಿಸುಗಳನ್ನು ಕೊಡುತ್ತಿದ್ದವಳು ಅವಳ ಮಗಳೇ. ಇಪ್ಪತ್ತಾರು ವರ್ಷದ ಅವಳು ಉದ್ಯಾನದ ಕಚೇರಿಯಲ್ಲಿ ಬುಕಿಂಗ್ ಕೌಂಟರಿನ ಗಾಜಿನ ಹಿಂದೆ ಕೂರುತ್ತಿದ್ದಳು. ಬೆಟ್ಟದ ದಾರಿ ತನ್ನ ಕಾಲಿಗೇ ಮುಗಿಯಲಿ, ಮಗಳು ಕುರ್ಚಿಯ ಮೇಲೆ ಕೂತು ದುಡಿಯಲಿ ಎಂದು ತಾಯಿ ಹಟ ಹಿಡಿದು ಓದಿಸಿದ್ದಳು. ಹಾಗಾಗಿ ಹುಡುಗಿ ಒಂದನೆಯ ತಂಗುಮನೆ ದಾಟಿ ಮೇಲೆ ಹೋದವಳೇ ಅಲ್ಲ. ಕೌಂಟರಿನಲ್ಲಿ ಅವಳು ತಾಯಿಯನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದಳು. “ಇಲ್ಲೊಂದು ಸಹಿ ಮಾಡಿ” ಎಂದು ಗಾಜಿನ ಕಿಂಡಿಯಿಂದ ಕಾಗದ ತಳ್ಳುವಳು. ತಾಯಿ ಸಹಿ ಹಾಕಿ, “ಆಯ್ತು ಮೇಡಂ” ಎಂದು ಮುಖ ಗಂಟಿಕ್ಕಿಕೊಂಡು ಬರುವಳು. ಸಂಜೆ ಮನೆಯಲ್ಲಿ ಇಬ್ಬರೂ ಒಂದೇ ಮೇಜಿನಲ್ಲಿ ಊಟಕ್ಕೆ ಕೂತಾಗ ಅಪ್ಪನಾದವನು ಉಪ್ಪಿನ ಡಬ್ಬಿಯನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವ ಕೆಲಸ ಮಾಡುತ್ತಿದ್ದ.

ಅವನದು ಬೂಟು ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ರಬ್ಬರು ಮತ್ತು ಅಂಟಿನ ವಾಸನೆ ಹಿಂದಿನ ಅಡುಗೆಮನೆಯ ಸಾರಿನವರೆಗೂ ಹೋಗುತ್ತಿತ್ತು. ಯಾವ ಬೂಟು ಯಾವ ಗೈಡಿನ ತಂಡದ್ದು ಎಂದು ನೋಡಿದರೆ ಸಾಕು ಹೇಳಬಲ್ಲೆ ಎನ್ನುತ್ತಿದ್ದ. ಅವಸರದವರ ಜೊತೆ ಇಳಿದ ಬೂಟಿನ ಮೂತಿ ಕಿತ್ತು ಬಂದಿರುತ್ತದೆ, ಹೆಂಡತಿಯ ಜೊತೆ ಇಳಿದದ್ದರ ಹಿಮ್ಮಡಿ ಒಂದಿಷ್ಟು ಸವೆದಿರುತ್ತದೆ ಅಷ್ಟೇ. “ನೀನು ಗೈಡ್ ಆದ್ಮೇಲೆ ನನ್ನ ವ್ಯಾಪಾರ ಬಿತ್ತು ನೋಡು” ಎಂದು ಅವಳನ್ನು ನಗಿಸಲು ನೋಡುತ್ತಿದ್ದ. ಈಚೆಗೆ ಅವಳು ನಗುವುದನ್ನು ಬಿಟ್ಟಿದ್ದಳು.

ಆ ವರ್ಷದ ಚಾರಣದ ಋತು ಅರ್ಧ ಮುಗಿದಿದ್ದಾಗ ಅವಳಿಗೆ ಐದು ಜನರ ತಂಡ ಬಂತು. ಇಬ್ಬರು ಗಂಡ ಹೆಂಡತಿ. ಗಂಡ ಭೂಗೋಳದ ಮೇಷ್ಟ್ರಾಗಿ ನಿವೃತ್ತರಾದವರು. ಇನ್ನು ಮೂವರು ಒಂದೇ ವಿಮಾ ಕಚೇರಿಯ ಗೆಳೆಯರು, ಮೂವತ್ತರ ಆಸುಪಾಸು. ಅವರ ಮುಂದಾಳಿನ ಕೈಯಲ್ಲೊಂದು ವಾಚು. ನಡೆದ ಹೆಜ್ಜೆ, ಹತ್ತಿದ ಎತ್ತರ, ಎದೆಬಡಿತ ಎಲ್ಲವನ್ನೂ ಲೆಕ್ಕ ಹಾಕಿ ಆಗಾಗ ಹೆಣ್ಣುದನಿಯಲ್ಲಿ ಬುದ್ಧಿ ಹೇಳುವ ವಾಚು. ನಿಧಾನಕ್ಕ ಮನಸ್ಸಿನಲ್ಲೇ ಅವನಿಗೆ ವಾಚಿನವನು ಎಂದು ಹೆಸರಿಟ್ಟಳು.

ಮೊದಲ ದಿನ ಮೇಷ್ಟ್ರು ಒಂದು ಕ್ಷಣ ಬಾಯಿ ಮುಚ್ಚಲಿಲ್ಲ. ನದಿ ಹೇಗೆ ಹುಟ್ಟುತ್ತದೆ, ಕಲ್ಲು ಹೇಗೆ ಮಡಚಿಕೊಳ್ಳುತ್ತದೆ, ಈ ಬೆಟ್ಟ ಒಂದು ಕಾಲಕ್ಕೆ ಸಮುದ್ರದ ತಳದಲ್ಲಿತ್ತು. ಅವರ ಹೆಂಡತಿ, ಮನೆಯಲ್ಲೂ ಇವರದು ಇದೇ ಪಾಠ, ಕೇಳೋಕೆ ಹೊಸಬರು ಸಿಕ್ಕಿದ್ದು ನನಗೆ ರಜ ಸಿಕ್ಕಿದಂತೆ ಎಂದರು. ಎರಡನೆಯ ದಿನ ಏಳಕ್ಕೆ ಹೊರಟರು. ಏರು ಶುರುವಾದ ಮೇಲೂ ಪಾಠ ಸಾಗಿತ್ತು. ಹನ್ನೊಂದರ ಹೊತ್ತಿಗೆ ಹಿಮನದಿಯ ವಿಷಯ ಅರ್ಧಕ್ಕೆ ನಿಂತಿತು. ನಿಧಾನಕ್ಕ ತಿರುಗಿ ನೋಡಿದಳು. ಮೇಷ್ಟ್ರು ನಗುತ್ತಲೇ ಇದ್ದರು, ತುಟಿ ಮಾತ್ರ ಬೂದಿ ಬಣ್ಣ. ಏನಿಲ್ಲ, ಏನಿಲ್ಲ ಎಂದು ಕೈಯಾಡಿಸಿದರು. ಅವಳು ಎಲ್ಲರನ್ನೂ ಕೂರಿಸಿದಳು. ಮೇಷ್ಟ್ರ ಹೆಂಡತಿಯ ಹೊಸ ಬೂಟು ಬಿಚ್ಚಿಸಿ ನೋಡಿದರೆ ಹಿಮ್ಮಡಿಯಲ್ಲಿ ನಾಣ್ಯದಗಲದ ಬೊಕ್ಕೆ. ಅವರೂ ಬೆಳಗಿನಿಂದ ಹಲ್ಲು ಕಚ್ಚಿಕೊಂಡು ನಡೆದಿದ್ದರು.

ಅರ್ಧ ಗಂಟೆ ಕಳೆಯಿತು. ವಾಚಿನವನು ಎದ್ದು ನಿಂತು ಕೂತು ಮಾಡುತ್ತಿದ್ದ. “ಮೇಡಂ, ನಾಲ್ಕು ಗಂಟೆಗೆ ಹಾಸಿಗೆ ಹೋಗುತ್ತೆ. ನಾವು ಮೂವರು ಮುಂದೆ ಹೋಗಿ ಎಲ್ಲರ ಹೆಸರೂ ಬರೆಸ್ತೀವಿ ಬಿಡಿ” ಎಂದ. ತಂಡ ಒಡೆಯುವ ಹಾಗಿಲ್ಲ, ಅದು ಉದ್ಯಾನದ ನಿಯಮ ಎಂದು ಅವಳು ಹೇಳಿದಳು. ನಾಲ್ಕು ಗಂಟೆಯದ್ದೂ ನಿಯಮವೇ ಅಲ್ಲವೇ ಎಂದು ಅವನು ಕೇಳಿದ. ಎರಡೂ ನಿಯಮ, ಎರಡನ್ನೂ ಒಟ್ಟಿಗೆ ಪಾಲಿಸಲು ಆಗದಂತೆ ಮಾಡಿಟ್ಟವರು ಯಾರೋ. ಕೂತಿರಿ ಎಂದು ಗದರಿಸಿ, ಬಾಟಲಿ ತುಂಬಿಸಲು ಬಂಡೆಯ ಹಿಂದಿನ ಒರತೆಗೆ ಹೋದಳು. ವಾಪಸು ಬಂದಾಗ ಮೂವರೂ ಇರಲಿಲ್ಲ. ಫೋನಿನಲ್ಲಿ ನಕ್ಷೆ ಇದೆಯಂತೆ, ಬೇಡ ಅಂದೆ, ಕಿವಿಗೇ ಹಾಕಿಕೊಳ್ಳಲಿಲ್ಲ ಎಂದು ಮೇಷ್ಟ್ರ ಹೆಂಡತಿ ತಾವೇ ತಪ್ಪು ಮಾಡಿದವರಂತೆ ಹೇಳಿದರು.

ನಕ್ಷೆ ಎಂಬ ಮಾತು ಕೇಳಿದ್ದೇ ನಿಧಾನಕ್ಕ ಬಾಟಲಿಗಳನ್ನು ಚೀಲಕ್ಕೆ ತುರುಕಿದಳು. ಮುಂದೆ ಒಂದು ಕವಲಿದೆ. ಎಡಗಡೆಯದು ಹಳೆಯ ದಾರಿ, ಗುಡ್ಡ ಕುಸಿದು ನಡುವೆ ತುಂಡಾಗಿದೆ. ಬಲಗಡೆಯದು ಹೊಸದು. ಫೋನಿನ ನಕ್ಷೆಗಳು ಇವತ್ತಿಗೂ ಹಳೆಯದನ್ನೇ ತೋರಿಸುತ್ತವೆ. ಅಲ್ಲಿ ‘ದಾರಿ ಮುಚ್ಚಿದೆ’ ಎಂಬ ಬೋರ್ಡಿತ್ತು. ಚಳಿಗಾಲದ ಗಾಳಿಗೆ ಮುರಿದು ಬಿತ್ತು. ಅದನ್ನು ಅವಳು ಕಚೇರಿಗೆ ಮೂರು ಸಲ ಬರೆದುಕೊಟ್ಟಿದ್ದಳು. ಮೂರು ಸಲವೂ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದಿತ್ತು. ವೈರ್‌ಲೆಸ್ ತೆಗೆದು ಕೂಗಿದಳು. ಆ ಕೊರಕಲಿನಲ್ಲಿ ಅದಕ್ಕೆ ಬಾಯಿಲ್ಲ, ಗೊರಗೊರ ಎಂದಿತು.

ಬಿಟ್ಟು ಓಡುವಂತಿಲ್ಲ, ನಿಲ್ಲುವಂತಿಲ್ಲ. ಮೇಷ್ಟ್ರನ್ನು ಹತ್ತು ಹೆಜ್ಜೆಗೊಮ್ಮೆ ನಿಲ್ಲಿಸುತ್ತ ಕವಲಿನವರೆಗೆ ಬರಲು ಒಂದೂಕಾಲು ಗಂಟೆ ಹಿಡಿಯಿತು. ಎಡದಾರಿಯ ಮಣ್ಣಿನಲ್ಲಿ ಮೂರು ಜೊತೆ ಬೂಟಿನ ಗುರುತು, ಹೋದವು ಮಾತ್ರ, ಬಂದವು ಇಲ್ಲ. ಅವಳು ಗಂಡ ಹೆಂಡತಿಯನ್ನು ಗಾಳಿ ಬೀಸದ ಬಂಡೆಯ ಮರೆಯಲ್ಲಿ ಕೂರಿಸಿ, ಕಂಬಳಿ ಹೊದಿಸಿ, ಕೈಗೆ ಸೀಟಿ ಕೊಟ್ಟಳು. ಎದೆ ನೋವು ಬಂದರೆ ಊದಿ, ಸುಮ್ಮನೆ ಹೆದರಿಕೆಯಾದರೂ ಊದಿ ಎಂದಳು. ಮೇಷ್ಟ್ರು ಮೆಲ್ಲಗೆ, “ಹೋಗಿ ಬಾಮ್ಮ. ನಾವು ಎಲ್ಲೂ ಓಡಿಹೋಗಲ್ಲ” ಎಂದರು.

ಮೂವರೂ ಕುಸಿತದ ಅಂಚಿನಲ್ಲಿದ್ದರು. ಒಬ್ಬ ಎರಡಾಳು ಆಳಕ್ಕೆ ಜಾರಿ ಒಂದು ಬಂಡೆಯ ಚಾಚಿನ ಮೇಲೆ ಗೋಡೆಗೆ ಮೈಯಂಟಿಸಿ ನಿಂತಿದ್ದ. ವಾಚಿನವನೂ ಇನ್ನೊಬ್ಬನೂ ಮೇಲೆ ನೆಲಕ್ಕೆ ಅವುಚಿ ಕೂತಿದ್ದರು. ಮುಂದಕ್ಕೆ ಧೈರ್ಯವಿಲ್ಲ, ಹಿಂದಕ್ಕೆ ಕಾಲು ಬರುತ್ತಿಲ್ಲ. ಅವಳು ಹತ್ತಿರ ಹೋದಾಗ ವಾಚು ಮಾತಾಡುತ್ತಿತ್ತು: ನೀವು ತುಂಬಾ ಹೊತ್ತಿನಿಂದ ಕೂತಿದ್ದೀರಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಬೇರೆ ದಿನವಾಗಿದ್ದರೆ ನಿಧಾನಕ್ಕ ಬಿದ್ದು ಬಿದ್ದು ನಗುತ್ತಿದ್ದಳು. ಹಗ್ಗ ಬಂಡೆಗೆ ಸುತ್ತಿ, ಕೆಳಗಿದ್ದವನಿಗೆ ಎಡಗಾಲು ಎಲ್ಲಿಡಬೇಕು ಬಲಗಾಲು ಎಲ್ಲಿಡಬೇಕು ಎಂದು ಒಂದೊಂದಾಗಿ ಹೇಳಿ ಮೇಲೆತ್ತಲು ಮುಕ್ಕಾಲು ಗಂಟೆ ಬೇಕಾಯಿತು. ಮೂವರಿಗೂ ತರಚುಗಾಯ, ಅಷ್ಟೇ. ಅವಳು ಒಂದು ಮಾತೂ ಬೈಯಲಿಲ್ಲ. ಬೈಯುತ್ತ ಕೂತರೆ ಹಗ್ಗ ಸಡಿಲವಾಗುತ್ತದೆ ಎಂಬ ಭಯವಿತ್ತು. ಹಗ್ಗ ಸುತ್ತಿಟ್ಟ ಮೇಲೆ ಬೈಯಲು ಉಸಿರೇ ಉಳಿದಿರಲಿಲ್ಲ. ಕವಲಿಗೆ ಹಿಂತಿರುಗುವಾಗ ಗಂಡ ಹೆಂಡತಿಯನ್ನು ಬಿಟ್ಟು ಹೋಗಿ ಒಂದೂವರೆ ಗಂಟೆ ಕಳೆದಿತ್ತು. ಸೀಟಿ ಊದಿರಲಿಲ್ಲ. ಮೇಷ್ಟ್ರು ಹೆಂಡತಿಗೆ ಬಂಡೆಯ ಪದರಗಳನ್ನು ತೋರಿಸುತ್ತಿದ್ದರು.

ಎರಡನೆಯ ತಂಗುಮನೆ ಮುಟ್ಟಿದಾಗ ಏಳು ಗಂಟೆ ಹತ್ತು ನಿಮಿಷ. ಐದರಲ್ಲಿ ಮೂರು ಹಾಸಿಗೆ ಹೋಗಿದ್ದವು. ತಂಗುಮನೆಯವನು ರಿಜಿಸ್ಟರು ತೆರೆದು ಪೆನ್ನು ಹಿಡಿದು, ಅವಳ ಮುಖ ನೋಡದೆ, “ಎಷ್ಟು ಅಂತ ಬರೀಲಿ?” ಎಂದ. ಕಣ್ಣೆದುರೇ ಗಡಿಯಾರ ನೇತಾಡುತ್ತಿದ್ದರೂ ಕೇಳುತ್ತಾನಲ್ಲ, ಚುಚ್ಚಿ ಮಾತಾಡುತ್ತಿದ್ದಾನೆ ಎಂದುಕೊಂಡು ಅವಳು ಪೆನ್ನು ಕಿತ್ತುಕೊಂಡು ತನ್ನ ಕೈಯಲ್ಲೇ ಏಳು ಹತ್ತು ಎಂದು ಬರೆದಳು. ವಿಮಾ ಕಚೇರಿಯವರು ಊಟದ ಕೋಣೆಯ ಬೆಂಚುಗಳ ಮೇಲೆ ಮಲಗಿದರು.

ಉಳಿದೆರಡು ದಿನ ತಂಡ ಕುರಿಮಂದೆಯ ಹಾಗೆ ಅವಳ ಹಿಂದೆ ನಡೆಯಿತು. ಬಸ್ಸು ಹತ್ತುವ ಮುನ್ನ ವಾಚಿನವನು ಕೈಕುಲುಕಿ ಥ್ಯಾಂಕ್ಸ್ ಎಂದ. ಒಂದು ವಾರಕ್ಕೆ ಅವನ ದೂರು ಬಂತು. ಗೈಡು ಮೂರು ಗಂಟೆಗೂ ಹೆಚ್ಚು ತಡ ಮಾಡಿದರು, ಹಾಸಿಗೆ ತಪ್ಪಿತು, ಅಪಾಯದ ಕಡೆ ಬೋರ್ಡಿರಲಿಲ್ಲ, ವಯಸ್ಸಾದ ದಂಪತಿಯನ್ನು ಒಂದೂವರೆ ಗಂಟೆ ದಾರಿಯಲ್ಲಿ ಒಂಟಿಯಾಗಿ ಬಿಟ್ಟು ಹೋದರು. ಎಲ್ಲವೂ ನಿಜ. ತಾವು ಹೇಳದೆ ಹೊರಟದ್ದೊಂದು ಮಾತ್ರ ಅದರಲ್ಲಿರಲಿಲ್ಲ.

ಉದ್ಯಾನದ ಅಧಿಕಾರಿ ವಿಚಾರಣೆಗೆ ಕರೆದ. ಮೇಜಿನ ಒಂದು ಬದಿಗೆ ಅಧಿಕಾರಿ, ಇನ್ನೊಂದು ಬದಿಗೆ ನಿಧಾನಕ್ಕ, ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ ಹೇಳಿಕೆ ಬರೆದುಕೊಳ್ಳಲು ಮಗಳು. ಅಧಿಕಾರಿ ಒಳ್ಳೆಯ ಮನುಷ್ಯನೇ, ದನಿ ಏರಿಸುವವನಲ್ಲ. ನಡೆದದ್ದನ್ನೆಲ್ಲ ಕೇಳಿದ. ಆಮೇಲೆ, ಅವರನ್ನು ಉಳಿಸಿದ್ದಕ್ಕೆ ಅಭಿನಂದನೆ, ಆದರೆ ಇಬ್ಬರನ್ನು ಬಿಟ್ಟು ಹೋದದ್ದು ತಪ್ಪು, ಸಮಯಕ್ಕೆ ಸರಿಯಾಗಿ ನಡೆದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಎಂದ.

ನಿಧಾನಕ್ಕನ ತಾಳ್ಮೆ ಅಲ್ಲಿಗೆ ಹರಿಯಿತು. ಆ ಸಮಯಪಟ್ಟಿ ಮಾಡಿದ ಪುಣ್ಯಾತ್ಮ ಒಂದು ಸಲವಾದರೂ ಆ ದಾರಿಯಲ್ಲಿ ನಡೆದಿದ್ದಾನಾ ಎಂದು ಕೇಳಿದಳು. ಕಂಪ್ಯೂಟರಿನ ಕೀಲಿಗಳ ಸದ್ದು ನಿಂತಿತು. ಅಧಿಕಾರಿ ಮಗಳ ಕಡೆ ನೋಡಿ ಮೆಚ್ಚುಗೆಯಿಂದಲೇ ಹೇಳಿದ: “ಮಾಡಿದ್ದು ನಿಮ್ಮ ಮಗಳೇ. ಹನ್ನೊಂದು ವರ್ಷದ ರಿಜಿಸ್ಟರು ಕೂತು ಓದಿ, ಸರಾಸರಿ ತೆಗೆದು ಮಾಡಿದಳು. ಮನೇಲಿ ಹೇಳಿಲ್ವಾ?”

ಹೇಳಿರಲಿಲ್ಲ. ಎರಡು ವರ್ಷ ಉಪ್ಪಿನ ಡಬ್ಬಿ ಅತ್ತಿಂದಿತ್ತ ಓಡಾಡಿತ್ತೇ ಹೊರತು ಈ ಮಾತು ಬಂದಿರಲಿಲ್ಲ.

“ಸರಾಸರಿ ಅಂದ್ರೆ ನನ್ನದೂ ಅದರಲ್ಲಿ ಇರಬೇಕಲ್ಲ” ಎಂದಳು ತಾಯಿ.

ಮಗಳು ಪರದೆಯನ್ನೇ ನೋಡುತ್ತ, “ತೀರಾ ಬೇರೆ ಥರ ಇರೋ ಅಂಕಿಗಳನ್ನ ತೆಗೆದುಬಿಡ್ತಾರೆ. ಲೆಕ್ಕದ ಪದ್ಧತಿ ಅದು” ಎಂದಳು.

“ಎಷ್ಟು ಜನರದ್ದು ತೆಗೆದೆ?”

“ಒಬ್ಬರದ್ದು.”

ಲೈಸೆನ್ಸು ಎರಡು ತಿಂಗಳು ಅಮಾನತಾಯಿತು. ಆದೇಶವನ್ನು ಟೈಪು ಮಾಡಿದವಳೂ ಮಗಳೇ.

ನಿಧಾನಕ್ಕ ನಾಲ್ಕು ದಿನ ಗಂಡನ ಅಂಗಡಿಯಲ್ಲಿ ಕೂತು ಬೂಟಿನ ತಳಕ್ಕೆ ಅಂಟು ಬಳಿದಳು; ಸಿಟ್ಟಿನಲ್ಲಿ ಎಷ್ಟು ಬಳಿದಳೆಂದರೆ ಒಬ್ಬ ಗಿರಾಕಿಯ ಎರಡು ಬೂಟುಗಳೂ ಒಂದಕ್ಕೊಂದು ಅಂಟಿಕೊಂಡು ಚಾಕು ಹಾಕಿ ಬಿಡಿಸಬೇಕಾಯಿತು. ಗಂಡ, ಹುಡುಗಿ ಕೆಟ್ಟದ್ದು ಮಾಡಬೇಕು ಅಂತ ಮಾಡಿಲ್ಲ ಕಣೇ, ಲೆಕ್ಕ ಹೇಗೆ ಬಂತೋ ಹಾಗೆ ಮಾಡಿದ್ದಾಳೆ ಎಂದ. ಕೆಟ್ಟದ್ದು ಮಾಡಬೇಕು ಅಂತ ಮಾಡಿದ್ದರೆ ಬೈದು ಮುಗಿಸುತ್ತಿದ್ದೆ, ಹೀಗೆ ಮಾಡಿದರೆ ಏನಂತ ಬೈಯಲಿ ಎಂದು ಅವಳು ರೇಗಿದಳು.

ಐದನೆಯ ದಿನ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ರಜೆ ಹಾಕಿದ್ದೇನೆ ಎಂದಳು. “ನಾಲ್ಕು ದಿನ ರಜೆ. ನಾನು ನಡೆದು ನೋಡ್ತೀನಿ. ನೀನೂ ಬಾ.”

ತಾಯಿಗೆ ಬೇಡ ಎನ್ನುವಷ್ಟು ಸಿಟ್ಟಿತ್ತು, ಮಗಳನ್ನು ಒಬ್ಬಳನ್ನೇ ಕಳಿಸುವಷ್ಟು ಇರಲಿಲ್ಲ. ತೊಡಕು ಬೇರೆಯದೇ ಬಂತು. ಲೈಸೆನ್ಸಿರುವ ಗೈಡಿಲ್ಲದೆ ಒಂದನೆಯ ತಂಗುಮನೆ ದಾಟುವಂತಿಲ್ಲ, ಅವಳ ಲೈಸೆನ್ಸೋ ಬೀರುವಿನಲ್ಲಿ ಅಮಾನತಾಗಿ ಕೂತಿದೆ. ತನ್ನದೇ ದಾರಿಯಲ್ಲಿ ನಡೆಯಲು ತಾನೇ ಗೈಡು ಹಿಡಿಯಬೇಕು. ಆ ವಾರ ಬಿಡುವಿದ್ದವನು ಒಬ್ಬನೇ, ಎಲ್ಲರೂ ಕುದುರೆ ಎಂದು ಕರೆಯುವ ಗೈಡು. ಕಚೇರಿಯ ಗೋಡೆಯ ಮೇಲೆ ಅವನ ಫೋಟೋ ಇತ್ತು, ಸಮಯಪಾಲನೆಗೆ ಮೊದಲ ಸ್ಥಾನ. ಹದಿನಾಲ್ಕು ವರ್ಷದ ಹಿಂದೆ ಅವನಿಗೆ ಹಗ್ಗ ಕಟ್ಟುವುದನ್ನು ಕಲಿಸಿದವಳು ಅವಳೇ.

ಹೊರಡುವ ಮುನ್ನ ಸುರಕ್ಷತೆಯ ಸೂಚನೆಗಳನ್ನು ಗಟ್ಟಿಯಾಗಿ ಓದಿ ಹೇಳಬೇಕು. ಕುದುರೆ ಕಾಗದ ಹಿಡಿದು ನಿಂತು, ಅಕ್ಕನ ಮುಖ ನೋಡಿ, ಬೆವರಿ, ಎರಡು ಸಾಲು ನುಂಗಿದ. “ಆರನೇದು ಬಿಟ್ಟೆ” ಎಂದಳು ಅವಳು. ಅವನು ಮತ್ತೆ ಮೊದಲಿನಿಂದ ಓದಿದ. ಮೊದಲ ದಿನವಿಡೀ ಅವಳು ತುಟಿ ಬಿಗಿಹಿಡಿದು ನಡೆದಳು. ಅವನು ನೀರಿಗೆ ನಿಲ್ಲಿಸಬೇಕಾದಲ್ಲಿ ನಿಲ್ಲಿಸಲಿಲ್ಲ, ಸೇತುವೆಯ ಮೇಲೆ ಒಬ್ಬೊಬ್ಬರನ್ನೇ ದಾಟಿಸಲಿಲ್ಲ. ಹೇಳಬೇಕು ಎಂದು ಬಾಯಿ ತೆರೆದಾಗಲೆಲ್ಲ, ನಾನಿಲ್ಲಿ ಗಿರಾಕಿ ಎಂದು ತನಗೇ ಹೇಳಿಕೊಂಡು ಮುಚ್ಚಿದಳು.

ಎರಡನೆಯ ದಿನ ಅವನು ಏರಿನಲ್ಲಿ ಕಾಲು ಹಾಕಿದ್ದೇ ಹಾಕಿದ್ದು. ಮಗಳು ಮೊದಮೊದಲು ಮಾತಾಡುತ್ತಲೇ ಇದ್ದಳು. ಇಷ್ಟು ಚೆನ್ನಾಗಿದೆ ಅಂತ ನೀನು ಯಾಕೆ ಹೇಳಲೇ ಇಲ್ಲ ಎಂದು ತಾಯಿಯನ್ನು ಕೇಳಿದಳು. ಹತ್ತೂವರೆಯ ಹೊತ್ತಿಗೆ ಒಂದೊಂದೇ ಪದ, ಆಮೇಲೆ ಬರೀ ತಲೆಯಾಡಿಸುವುದು, ಆಮೇಲೆ ಅದೂ ಇಲ್ಲ. ಕುದುರೆ ಗಡಿಯಾರ ನೋಡಿ ಇನ್ನೂ ಬೇಗ ಹೆಜ್ಜೆ ಹಾಕಿದ. ನಿಧಾನಕ್ಕ ಮಗಳ ಕುತ್ತಿಗೆಯ ನರ ಹೊಡೆದುಕೊಳ್ಳುವುದನ್ನು ಹಿಂದಿನಿಂದ ನೋಡುತ್ತ ನೋಡುತ್ತ, ದಾರಿಯ ನಟ್ಟನಡುವೆ ದೊಪ್ಪೆಂದು ಕೂತುಬಿಟ್ಟಳು.

“ಏನಾಯ್ತಕ್ಕ?” ಎಂದು ಕುದುರೆ ಓಡಿ ಬಂದ.

“ಕಾಲು ನೋವು.”

“ನಿಂಗೆ? ಕಾಲು ನೋವಾ?”

“ಯಾಕೆ, ಗಿರಾಕಿಗೆ ಕಾಲು ನೋಯಬಾರದಾ? ಗಿರಾಕಿನ ಬಿಟ್ಟು ಹೋಗೋ ಹಾಗಿಲ್ಲ. ಹಾಗೆ ಹೋದ್ರೆ ಎರಡು ತಿಂಗಳು ಅಮಾನತು.”

ಅವನು ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡಿದ. ಮಗಳು ಬಂಡೆಗೊರಗಿ ಕಣ್ಣು ಮುಚ್ಚಿದಳು. ನಲವತ್ತು ನಿಮಿಷ ಯಾರೂ ಕದಲಲಿಲ್ಲ. ಮಗಳ ಮುಖಕ್ಕೆ ಬಣ್ಣ ಬಂದು, ಅಮ್ಮ ನಿನ್ನ ಕಾಲಿಗೆ ಏನೂ ಆಗಿಲ್ಲ ಅಲ್ವಾ ಎಂದು ಕೇಳಿದ ಮೇಲೆಯೇ ತಾಯಿ ಎದ್ದದ್ದು. ಅಲ್ಲಿಂದ ಮುಂದೆ ಇನ್ನೂ ಮೂರು ಸಲ ಕಾಲು ನೋವು ಬಂತು. ಇಳಿಜಾರಿನ ಚೂರುಗಲ್ಲಿನಲ್ಲಿ ಮಗಳು ಕುಂಡೆಯ ಮೇಲೆ ಜಾರಿಕೊಂಡೇ ಅರ್ಧ ದಾರಿ ಇಳಿದಳು.

ತಂಗುಮನೆ ಮುಟ್ಟಿದಾಗ ಆರು ಇಪ್ಪತ್ತು. ಮಗಳು ಬೂಟು ಕೂಡ ಬಿಚ್ಚದೆ ನೇರವಾಗಿ ರಿಜಿಸ್ಟರಿನ ಬಳಿ ಹೋದಳು; ತನ್ನ ಕೈಯಾರೆ ಬರೆಯಬೇಕು, ಅದಕ್ಕೆಂದೇ ಬಂದದ್ದು. ಪುಟ ತೆರೆದು ನಿಂತವಳು ಹಾಗೇ ನಿಂತಳು. ಆ ದಿನದ ತಾರೀಖಿನ ಎದುರು ಅವಳ ಹೆಸರು, ಅವಳ ತಾಯಿಯ ಹೆಸರು ಬುಕಿಂಗ್ ಪಟ್ಟಿಯಲ್ಲಿದ್ದಂತೆಯೇ ಆಗಲೇ ನೀಲಿ ಶಾಯಿಯಲ್ಲಿ ಬಿದ್ದಿದ್ದವು, ಕುದುರೆಯ ಸಹಿಗೆ ಮಾತ್ರ ಜಾಗ ಬಿಟ್ಟಿತ್ತು. ಬಂದ ಸಮಯ: ಮೂರು ಐವತ್ತು.

ತಂಗುಮನೆಯವನು ಪಾತ್ರೆ ಒರೆಸುವ ನೆಪದಲ್ಲಿ ಒಳಗೆ ಹೋದ. ಹುಡುಗಿ ಕುದುರೆಯನ್ನು ನೋಡಿದಳು. ಅವನು ಬೆಂಚಿನ ಮೇಲೆ ಕೂತು ತನ್ನ ಬೂಟಿನ ದಾರ ಬಿಚ್ಚುತ್ತ ಹೇಳಿದ. ಆ ರಿಜಿಸ್ಟರಿನಲ್ಲಿ ಗಡಿಯಾರ ನೋಡಿ ಬರೆದವರೇ ಇಲ್ಲ. ಮೊದಲೆಲ್ಲ ನಾಲ್ಕು ಗಂಟೆಗೆ ಅಡುಗೆಯವನು ಊಟದ ಲೆಕ್ಕ ಮುಗಿಸುತ್ತಿದ್ದ. ಅದರ ನಂತರದ ಸಮಯ ಬರೆದರೆ ಗೊಣಗುತ್ತಿದ್ದ. ಹಾಗಾಗಿ ಐದಕ್ಕೆ ಬಂದರೂ, ಆರಕ್ಕೆ ಬಂದರೂ ಎಲ್ಲರೂ ಮೂರೂವರೆ, ಮೂರು ಐವತ್ತು ಎಂದೇ ಬರೆಯುವುದು ರೂಢಿಯಾಯಿತು. ಪಟ್ಟಿ ಬಂದ ಮೇಲೆ ಜನರನ್ನು ಓಡಿಸಲು ಕಲಿತರು. ಓಡಿಸಲು ಆಗದ ದಿನ ತಂಗುಮನೆಯವನು ಕಣ್ಣು ಮುಚ್ಚಿಕೊಳ್ಳುತ್ತಾನೆ.

“ಹನ್ನೊಂದು ವರ್ಷದ್ದೂ ಹೀಗೇನಾ?” ಎಂದಳು ಹುಡುಗಿ.

“ಒಬ್ಬರದ್ದು ಬಿಟ್ಟು” ಎಂದ ಕುದುರೆ.

ನಿಧಾನಕ್ಕನಿಗೆ ಗೆದ್ದೆ ಅನ್ನಿಸಲಿಲ್ಲ. ಅವಳಿಗೆ ಬಂದದ್ದು ಅಳುವಿನಂಥ ಸಿಟ್ಟು. “ಎರಡು ವರ್ಷ ನಾನೊಬ್ಬಳೇ ಬೈಸಿಕೊಂಡೆನಲ್ಲೋ. ಹದಿನೆಂಟು ಜನ ಸುಮ್ಮನೆ ನೋಡ್ತಾ ಕೂತಿದ್ರಲ್ಲೋ” ಎಂದಳು.

“ನೀನೂ ನಾಲ್ಕು ಅಂತ ಬರೆದಿದ್ರೆ ಮುಗೀತಿತ್ತಕ್ಕ. ಅವತ್ತೂ ಇವನು ನಿನ್ನ ಕೇಳಿದ್ನಂತಲ್ಲ, ಎಷ್ಟು ಬರೀಲಿ ಅಂತ” ಎಂದ ಅವನು. ತಪ್ಪಿಸಿಕೊಳ್ಳಲು ಹೇಳಿದ್ದಲ್ಲ, ನಿಜಕ್ಕೂ ಅವನಿಗೆ ಅದು ಅರ್ಥವಾಗಿರಲಿಲ್ಲ.

ಮೂರನೆಯ ದಿನ ಬೆಟ್ಟದ ಬೆನ್ನಿನ ಮೇಲೆ ಅವಳು ಎಷ್ಟು ಬೀಸಾಗಿ ನಡೆದಳೆಂದರೆ ಕುದುರೆಯೇ ಹಿಂದಿನಿಂದ, ಅಕ್ಕ ಸ್ವಲ್ಪ ನಿಧಾನ ಎಂದು ಕೂಗಬೇಕಾಯಿತು. ಮಗಳು ಓಡಿ ಬಂದು ಜೊತೆಯಾದಳು. ಇದನ್ನು ಹೀಗೇ ಬರೆದುಕೊಡುತ್ತೇನೆ, ರಿಜಿಸ್ಟರೇ ಸುಳ್ಳು ಎಂದ ಮೇಲೆ ಪಟ್ಟಿಯೂ ಸುಳ್ಳು, ನಿನ್ನ ನೋಟಿಸುಗಳೂ ಸುಳ್ಳು ಎಂದಳು. ತಾಯಿ ನಡೆಯುತ್ತಲೇ ಒಬ್ಬೊಬ್ಬರನ್ನೇ ಲೆಕ್ಕ ಹಾಕಿದಳು. ಕುದುರೆಗೆ ಇಬ್ಬರು ಸಣ್ಣ ಮಕ್ಕಳಿದ್ದರು. ಮೂವರು ಗೈಡುಗಳು ನಿವೃತ್ತಿಯ ಅಂಚಿನಲ್ಲಿದ್ದರು. ತಂಗುಮನೆಯವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

“ಅವರ ಹೆಸರು ಎತ್ತಬೇಡ” ಎಂದಳು ಕೊನೆಗೆ.

“ಹಾಗಾದ್ರೆ ನಿನ್ನ ಅಮಾನತು ಹಾಗೇ ಇರುತ್ತೆ.”

“ಗೊತ್ತು. ಸುಮ್ಮನೆ ನಡಿ.”

ಎರಡು ವರ್ಷದಿಂದ ಬೇಕಾಗಿದ್ದ ಪುರಾವೆ ಕೈಗೆ ಸಿಕ್ಕಿತ್ತು, ಅದನ್ನು ಎತ್ತಿ ತೋರಿಸುವಂತಿರಲಿಲ್ಲ. ಅವಳ ಜೀವನದಲ್ಲಿ ಅದಕ್ಕಿಂತ ಕಿರಿಕಿರಿಯ ದಿನ ಇನ್ನೊಂದಿರಲಿಲ್ಲ ಎಂದು ಆಮೇಲೆ ಗಂಡನ ಬಳಿ ಹೇಳಿಕೊಂಡಳು.

ಮಗಳು ಎರಡು ಪುಟ ಬರೆದುಕೊಟ್ಟಳು. ರಿಜಿಸ್ಟರಿನ ಮಾತೆತ್ತಲಿಲ್ಲ. ತಾನು ನಡೆದೆ, ಆರೋಗ್ಯವಾಗಿದ್ದೇನೆ, ಹನ್ನೊಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು, ತಾನು ಮಾಡಿದ ಲೆಕ್ಕ ತಪ್ಪು ಎಂದಷ್ಟೇ ಬರೆದಳು. ಅಧಿಕಾರಿ ಎರಡು ಸಲ ಓದಿದ. ಪಟ್ಟಿ ಬೋರ್ಡುಗಳಲ್ಲಿ ಅಚ್ಚಾಗಿದೆ, ಮೇಲಿನವರು ಒಪ್ಪಬೇಕು ಎಂದು ತಲೆ ಕೆರೆದುಕೊಂಡು, ಒಂದು ತಿಂಗಳು ಓಡಾಡಿ ಅರ್ಧ ಗಂಟೆ ಕೊಡಿಸಿದ. ನಾಲ್ಕು ಹೋಗಿ ನಾಲ್ಕೂವರೆಯಾಯಿತು. ಇನ್ನೊಂದು ವಿಷಯಕ್ಕೆ ಮಗಳು ಅವನನ್ನು ಬಿಡಲಿಲ್ಲ. ಗೇಟಿನಲ್ಲಿ ತುಂಬುವ ಅರ್ಜಿಯಲ್ಲಿ ಒಂದು ಕಾಲಂ ಹೆಚ್ಚಾಗಬೇಕು: ತಂಡವನ್ನು ನೋಡಿ, ಎರಡನೆಯ ತಂಗುಮನೆಗೆ ಎಷ್ಟು ಗಂಟೆಗೆ ಬರುತ್ತೇವೆಂದು ಗೈಡೇ ಬರೆಯಬೇಕು, ಹಾಸಿಗೆಗಳು ಅಲ್ಲಿಯವರೆಗೆ ಕಾಯಬೇಕು, ಬರೆದ ಸಮಯ ಮೀರಿದರೆ ಮಾತ್ರ ಗುರುತು. ಕಾಲಂ ಸೇರಿಸಲು ಯಾರ ಒಪ್ಪಿಗೆಯೂ ಬೇಕಿರಲಿಲ್ಲ, ಅದಕ್ಕೇ ಅದು ಆಯಿತು. ಕವಲಿನ ಬೋರ್ಡನ್ನು ಅವಳೇ ಬರೆಸಿ ಕಳಿಸಿದಳು.

ಅಮಾನತು ಎರಡು ತಿಂಗಳು ಪೂರ್ತಿ ನಡೆಯಿತು, ಒಂದು ದಿನವೂ ಕಡಿಮೆಯಾಗಲಿಲ್ಲ. ವಾಪಸು ಬಂದ ದಿನ ನಿಧಾನಕ್ಕ ಹೊಸ ಕಾಲಮಿನಲ್ಲಿ ಆರೂವರೆ ಎಂದು ಬರೆದಳು. ನಾಲ್ಕೂವರೆ ಎಂದೇ ಬರೆಯುತ್ತಿದ್ದ ಪಕ್ಕದ ಗೈಡುಗಳು ನಕ್ಕರು. ಮೂರು ವಾರದ ಮೇಲೆ ಒಬ್ಬ ಐದೂವರೆ ಎಂದು ಬರೆದ. ಆಮೇಲೆ ಕುದುರೆ, ಸುತ್ತಮುತ್ತ ನೋಡಿ, ಐದು ಮುಕ್ಕಾಲು ಎಂದು ಬರೆದ. ಋತು ಮುಗಿಯುವಾಗ ಏಳು ಮಂದಿ ನಿಜದ ಸಮಯ ಬರೆಯುತ್ತಿದ್ದರು.

ಇದರಿಂದ ನಿಧಾನಕ್ಕನ ಕಿರಿಕಿರಿ ತೀರಿತು ಎಂದುಕೊಂಡರೆ ತಪ್ಪು. ಗೈಡುಗಳ ಸಮಯ ಗೇಟಿನಲ್ಲೇ ತಿಳಿಯುವುದರಿಂದ ಅವಸರದವರೆಲ್ಲ ಬೇರೆಯವರನ್ನು ಹಿಡಿಯುತ್ತಾರೆ. ಮಂಡಿ ನೋವಿನವರು, ಆಪರೇಶನ್ ಆದವರು, ಫೋಟೋ ಹುಚ್ಚಿನವರು, ಪ್ರತಿ ಹೂವಿಗೂ ಬಗ್ಗುವವರು ಹುಡುಕಿಕೊಂಡು ಅವಳ ಬಳಿಯೇ ಬರುತ್ತಾರೆ. ಊರಿನ ಕುಂಟು ಕಾಲುಗಳನ್ನೆಲ್ಲ ನನ್ನ ತಲೆಗೇ ಕಟ್ಟಿದ್ದೀಯ ಎಂದು ಅವಳು ಮಗಳ ಮೇಲೆ ಹರಿಹಾಯುತ್ತಾಳೆ, ಈಗ ಮನೆಯಲ್ಲೇ, ಊಟಕ್ಕೆ ಕೂತಾಗ, ಏಕವಚನದಲ್ಲಿ. ಮಗಳು ತಿನ್ನುತ್ತಲೇ, ಮುಂದಿನ ವಾರ ಹನ್ನೆರಡು ಜನ ಇದ್ದಾರೆ, ಅದರಲ್ಲಿ ನಾಲ್ವರು ಅರುವತ್ತೈದು ದಾಟಿದವರು, ಏನು ಮಾಡಲಿ ಎಂದು ಕೇಳುತ್ತಾಳೆ. ಏಳು ಗಂಟೆ ಅಂತ ಬರಿ ಎನ್ನುತ್ತಾಳೆ ತಾಯಿ.